ತಾಲೂಕು ಕಾನೂನು ಸೇವಾ ಸಮಿತಿಯ ಉಚಿತ ವಕೀಲರು: ನಮಗಾದ ಅನುಭವ

ಕಳೆದ ಆಷಾಢದ ಒಂದು ಬುಧವಾರ ನನ್ನ ತಂಗಿಯ ಮಗನನ್ನು ಅವನ ಅಪ್ಪ ಅಂಗನವಾಡಿ ಬಾಗಿಲಿನಿಂದಲೇ ಬೈಕಿನಲ್ಲಿ ಕೂರಿಸಿಕೊಂಡು ಹೋದ. ಮಗುವಿಗೆ ಆಗ ನಾಲ್ಕು ವರ್ಷ ಎರಡು ತಿಂಗಳು. ಅವಸರದಲ್ಲಿ ಒಂದು ಕಾಲಿನ ಚಪ್ಪಲಿ ಅಲ್ಲೇ ಬಿದ್ದಿತ್ತಂತೆ, ಟೀಚರ್ ಅದನ್ನು ಕವರಿನಲ್ಲಿ ಹಾಕಿ ಮನೆಗೆ ತಂದುಕೊಟ್ಟರು. ಗಂಡನ ಹೊಡೆತ ತಾಳಲಾರದೆ ತಂಗಿ ಮಗುವಿನ ಜೊತೆ ನಮ್ಮ ಮನೆಗೆ ಬಂದು ಎಂಟು ತಿಂಗಳಾಗಿತ್ತು.

ಠಾಣೆಗೆ ಹೋಗಿ ದೂರು ಬರೆದೆವು. 'ಅಪಹರಣ' ಅಂತಲೇ ಬರೆದೆವು. ನಮಗೆ ಗೊತ್ತಿದ್ದದ್ದು ಅದೊಂದೇ ಪದ. "ಅಪ್ಪ ತನ್ನ ಮಗೂನ ಕರ್ಕೊಂಡು ಹೋದ್ರೆ ಕಿಡ್ನಾಪ್ ಹೇಗಾಗುತ್ತಮ್ಮ?" ಎಂದು ಕಳಿಸಿಬಿಟ್ಟರು. ಎರಡು ದಿನ ಅಲೆದ ಮೇಲೆ ಒಂದು ಹಿಂಬರಹ ಸಿಕ್ಕಿತು. ಹಾಗಾದರೆ ಮುಂದೆ ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಲಿಲ್ಲ. ನನಗೆ ಇವತ್ತಿಗೂ ನೋವಿರುವುದು ಅದಕ್ಕೇ.

ನನ್ನದು ಹಾಸನ ಜಿಲ್ಲೆಯಲ್ಲಿ ಒಂದು ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಸಲು ಬರುವ ಆಶಾ ಕಾರ್ಯಕರ್ತೆಯೊಬ್ಬರು 15100ಕ್ಕೆ ಫೋನ್ ಮಾಡಿ ಅಂದರು. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಫೋನ್ ಎತ್ತಿದವರು ಕನ್ನಡದಲ್ಲೇ ಮಾತಾಡಿ, ನಿಮ್ಮ ತಾಲೂಕು ಕೋರ್ಟಿನ ಆವರಣದಲ್ಲೇ ಸಮಿತಿಯ ಕಚೇರಿ ಇದೆ, ಹೋಗಿ ಎಂದರು. ಆದಾಯ ಪ್ರಮಾಣಪತ್ರ ಮಾಡಿಸಬೇಕಾ ಎಂದು ಕೇಳಿದೆ. ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಇದು ಎಷ್ಟು ಜನ ಹೆಣ್ಣುಮಕ್ಕಳಿಗೆ ಗೊತ್ತು? ತಂಗಿ ಅಷ್ಟರಲ್ಲಿ ಓಲೆ ಅಡವಿಡಲು ಹೊರಟಿದ್ದಳು.

ಕಚೇರಿ ಅಂದರೆ ಒಂದು ಮೇಜು, ಎರಡು ಬೀರು, ಹೊರಗೊಂದು ಬೆಂಚು. ಸ್ವಯಂಸೇವಕಿಯೊಬ್ಬಳು ಅರ್ಜಿ ತುಂಬಿಸಿಕೊಂಡಳು. ಐದನೇ ದಿನಕ್ಕೆ ಪ್ಯಾನೆಲ್ ವಕೀಲರನ್ನು, ಅಂದರೆ ಸಮಿತಿಯ ಪಟ್ಟಿಯಲ್ಲಿರುವ ವಕೀಲರೊಬ್ಬರನ್ನು, ಕೊಟ್ಟರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನಮ್ಮ ದೂರಿನ ಪ್ರತಿಯನ್ನು ಪೂರ್ತಿ ಓದಿದರು. ಆಮೇಲೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಬದಲಿಗೆ ಬಂದ ಅಪರಾಧ ಕಾನೂನು) ಪುಸ್ತಕ ತೆಗೆದು 137ನೇ ಕಲಮನ್ನು ಬಿಡಿಸಿಟ್ಟು, ಪೆನ್ಸಿಲಿನಲ್ಲಿ ಎರಡೇ ಪದಕ್ಕೆ ಗೆರೆ ಎಳೆದರು: 'ಕಾನೂನುಬದ್ಧ ಪೋಷಕ'.

"ನೋಡ್ರಮ್ಮ, ಮಗೂನ ಎತ್ಕೊಂಡು ಹೋಗೋದೆಲ್ಲ ಕಿಡ್ನಾಪ್ ಅಲ್ಲ. ಪೋಷಕರ ವಶದಿಂದ, ಅವರ ಒಪ್ಪಿಗೆ ಇಲ್ಲದೆ, ಕರ್ಕೊಂಡು ಹೋಗಬೇಕು, ಇಲ್ಲಾ ಪುಸಲಾಯಿಸಿ ಒಯ್ಯಬೇಕು. ಇಲ್ಲಿ ಒಯ್ದವನೇ ಒಬ್ಬ ಪೋಷಕ."

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯಲ್ಲಿ ತಂದೆ ಸಹಜ ಪೋಷಕ. ಮಗು ತಾಯಿಯ ಹತ್ತಿರವೇ ಇರಬೇಕು ಎಂಬ ಕೋರ್ಟ್ ಆದೇಶ ಮೊದಲೇ ಇದ್ದಿದ್ದರೆ ಮಾತು ಬೇರೆ. ಆದೇಶವಿಲ್ಲದಿದ್ದಾಗ ತಂದೆಯ ಮೇಲೆ ಅಪಹರಣದ ಕೇಸು ನಿಲ್ಲುವುದಿಲ್ಲ ಎಂದು 2023ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ ಎಂದರು. ನಮಗೆ ಎದೆ ಒಡೆದ ಹಾಗಾಯಿತು. ಆದರೆ ಅದೇ ಉಸಿರಿಗೆ ಅವರು ಇನ್ನೊಂದು ಮಾತು ಹೇಳಿದರು: ಅದೇ 1956ರ ಕಾಯ್ದೆಯ 6ನೇ ಕಲಮಿನಲ್ಲಿ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತಲೂ ಇದೆ. ಅಂದರೆ ನಮ್ಮ ದಾರಿ ಅಪಹರಣದ್ದಲ್ಲ, ಮಗುವಿನ ಸುಪರ್ದಿಯದು, ಅಂದರೆ ಮಗು ಯಾರ ಬಳಿ ಇರಬೇಕು ಎಂದು ಕೋರ್ಟಿನಿಂದ ಆದೇಶ ಪಡೆಯುವುದು. ಠಾಣೆಯವರು ಹೇಳಿದ್ದು ತಪ್ಪಲ್ಲ, ಅರ್ಧ ಹೇಳಿ ಬಿಟ್ಟಿದ್ದರು.

ನಮ್ಮ ಚಿಕ್ಕಪ್ಪನ ಮಗ ಅಲ್ಲೇ ಒಂದು ಉಪಾಯ ತೆಗೆದ: "ದುಡ್ಡು ಕೇಳ್ದ ಅಂತ ಸೇರಿಸಿಬಿಡಿ ಮೇಡಂ, ಆಗ ಬಿಗಿಯಾಗುತ್ತೆ." ವಕೀಲರು ಪೆನ್ಸಿಲ್ ಕೆಳಗಿಟ್ಟರು. ಒತ್ತೆಹಣದ ಅಪಹರಣ 140ನೇ ಕಲಮಿನ ಎರಡನೇ ಉಪಕಲಮು, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯವರೆಗೆ ಹೋಗುವಂಥದ್ದು. ತೆಲಂಗಾಣದ ಒಂದು ಪ್ರಕರಣದಲ್ಲಿ ಆಟೋ ಚಾಲಕ ಶಾಲಾ ಹುಡುಗನನ್ನು ಒಯ್ದು ಎರಡು ಲಕ್ಷ ಕೇಳಿದ್ದ. 2021ರಲ್ಲಿ ಸುಪ್ರೀಂ ಕೋರ್ಟ್ ಒತ್ತೆಹಣದ ಶಿಕ್ಷೆಯನ್ನೇ ರದ್ದು ಮಾಡಿ ಬರೀ ಅಪಹರಣದ ಶಿಕ್ಷೆ ಉಳಿಸಿತು. ದುಡ್ಡು ಕೇಳಿದ್ದು ಸಾಲದು, ಕೊಲ್ಲುತ್ತೇನೆ, ಗಾಯ ಮಾಡುತ್ತೇನೆ ಎಂಬ ಬೆದರಿಕೆಯೂ ಸಾಬೀತಾಗಬೇಕು ಎಂದಿತು. "ನಿಜ ನಡೆದಿದ್ದಕ್ಕೇ ಕೋರ್ಟು ಹೀಗೆ ತೂಗಿ ನೋಡುತ್ತೆ. ನೀವು ಒಂದು ಸುಳ್ಳು ಸೇರಿಸಿದರೆ ಹೊಡೆತ ತಿಂದದ್ದನ್ನೂ ಯಾರೂ ನಂಬಲ್ಲ" ಅಂದರು. ಫೀಸು ಕೊಟ್ಟು ಇಟ್ಟುಕೊಂಡ ವಕೀಲರಿಂದ ಇಷ್ಟು ನೇರವಾದ ಮಾತು ಬರುತ್ತಿತ್ತೋ ಇಲ್ಲವೋ.

ಬೆಂಚಿನ ಮೇಲೆ ನಮ್ಮ ಪಕ್ಕ ಇನ್ನೊಬ್ಬ ತಾಯಿ ಇದ್ದರು. ಹದಿನೆಂಟಕ್ಕೆ ಮೂರು ತಿಂಗಳು ಕಡಿಮೆ ಇರುವ ಮಗಳು ಹುಡುಗನ ಜೊತೆ ಹೋಗಿದ್ದಳು. ಅವರಿಗೂ ವಕೀಲರು ನಿಧಾನವಾಗಿ ಹೇಳಿದರು. ಹಿಂದೆ ಐಪಿಸಿ 361ರಲ್ಲಿ ಹುಡುಗನಾದರೆ ಹದಿನಾರು, ಹುಡುಗಿಯಾದರೆ ಹದಿನೆಂಟು ಅಂತಿತ್ತು. 2024ರ ಜುಲೈ 1ರಿಂದ, ಹೊಸ ಸಂಹಿತೆ ಬಂದ ಮೇಲೆ, ಇಬ್ಬರಿಗೂ ಹದಿನೆಂಟೇ. ಮಗು ಒಪ್ಪಿ ಹೋಯಿತು ಅನ್ನುವುದು ಲೆಕ್ಕಕ್ಕಿಲ್ಲ, ಪೋಷಕರ ಒಪ್ಪಿಗೆಯೇ ಬೇಕು. ಆದರೂ ವರದರಾಜನ್ ಮತ್ತು ಮದ್ರಾಸ್ ರಾಜ್ಯದ ನಡುವಿನ ಪ್ರಕರಣದಲ್ಲಿ, ಹದಿನೆಂಟರ ಹತ್ತಿರ ಬಂದಿದ್ದ ಕಾಲೇಜು ಹುಡುಗಿ ತಾನೇ ಫೋನ್ ಮಾಡಿ, ತಾನೇ ಜಾಗ ಹೇಳಿ, ನಡೆದು ಬಂದಿದ್ದಳು. 'ಕರೆದೊಯ್ಯುವುದು' ಬೇರೆ, ಬಂದವಳನ್ನು 'ಜೊತೆಗೆ ಬರಲು ಬಿಡುವುದು' ಬೇರೆ ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ತೀರ್ಪು ಕೊಟ್ಟಿದೆ. ಮೊದಲೇ ಆಸೆ ತೋರಿಸಿ ಮನಸ್ಸು ತಿರುಗಿಸಿದ್ದರೆ ಅದು ಅನ್ವಯಿಸುವುದಿಲ್ಲ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯದು ಪ್ರತ್ಯೇಕ ಲೆಕ್ಕ ಎಂದೂ ಎಚ್ಚರಿಸಿದರು. ಆ ತಾಯಿ ಅತ್ತರು. ವಕೀಲರು ನೀರು ಕೊಟ್ಟು, ಮಗಳ ಜೊತೆ ಮೊದಲು ಮಾತಾಡಿ ಅಂದರು.

ನಮ್ಮ ವಿಷಯಕ್ಕೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಿದರು. ಅದರ 21ನೇ ಕಲಮಿನಲ್ಲಿ ಮಗುವಿನ ತಾತ್ಕಾಲಿಕ ಸುಪರ್ದಿ ಕೇಳಬಹುದು. ಮೂರನೇ ಹಿಯರಿಂಗಿಗೆ ಆದೇಶ ಬಂತು. ಒಟ್ಟು ನಲವತ್ತೊಂದು ದಿನ. ಕೋರ್ಟ್ ಹಾಲಿನ ಹೊರಗೆ ಮಗು ಮೊದಲು ಅಮ್ಮನ ಮುಖ ನೋಡಲಿಲ್ಲ, ಅವಳ ಸೆರಗಿನ ತುದಿ ಹಿಡಿದು ಬಾಯಿಗಿಟ್ಟುಕೊಂಡ, ಮಲಗುವಾಗ ಮಾಡುತ್ತಿದ್ದ ಹಾಗೆ. ಅಪ್ಪನಿಗೆ ಭಾನುವಾರ ನೋಡಲು ಅವಕಾಶ ಕೊಟ್ಟಿದ್ದಾರೆ, ಅದನ್ನು ನಾವು ತಪ್ಪಿಸಿಲ್ಲ.

ಕೊರತೆಗಳೂ ಇವೆ. ನಾಪತ್ತೆಯಾದ ಮಗುವಿನ ವಿಷಯದಲ್ಲಿ ವಕೀಲರನ್ನು ಕೊಡಲು ಐದು ದಿನ ತುಂಬಾ ಹೆಚ್ಚು. ಅರ್ಜಿ ನಮೂನೆಯ ಕನ್ನಡ ಹತ್ತನೇ ತರಗತಿ ಓದಿದ ನನಗೇ ಅರ್ಥವಾಗಲಿಲ್ಲ. ಮಧ್ಯಾಹ್ನ ಹೋದರೆ ಕೋರ್ಟ್ ಮುಗಿಯುವವರೆಗೆ ವಕೀಲರು ಸಿಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಮೊದಲೇ ಹೋಗಿ ಕೂರುವುದು ಒಳ್ಳೆಯದು. ಆದರೂ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಆ ನಾಲ್ಕೂ ಆ ವಕೀಲರಿಗೆ. ಮೊದಲಿನಿಂದ ಕೊನೆಯವರೆಗೆ ಒಂದು ರೂಪಾಯಿ ಕೇಳಲಿಲ್ಲ. ಟೀ ತಂದುಕೊಟ್ಟರೂ ದುಡ್ಡು ಎಣಿಸಿ ಕೊಟ್ಟರು.

ಹೋಗುವವರು ಆಧಾರ್ ಜೊತೆ ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಅಂಗನವಾಡಿ ಹಾಜರಿಯ ಪ್ರತಿ, ಠಾಣೆಯ ಹಿಂಬರಹ ಎಲ್ಲ ತೆಗೆದುಕೊಂಡು ಹೋಗಿ. ಎಂಟು ತಿಂಗಳಿಂದ ಮಗು ಅಮ್ಮನ ಜೊತೆಗೇ ಇತ್ತು ಅನ್ನುವುದಕ್ಕೆ ನಮಗೆ ಆಧಾರವಾದದ್ದು ಟೀಚರ್ ಬರೆದಿದ್ದ ಹಾಜರಿ. ನಾವು ಮೊದಲ ದಿನ ತಾಯಿ ಕಾರ್ಡು ಮನೆಯಲ್ಲೇ ಬಿಟ್ಟು ಹೋಗಿ ಒಂದು ದಿನ ಕಳೆದುಕೊಂಡೆವು.