ಬ್ಯಾಟರಿಗೆ ತಗಡಿನ ಹೋಲ್ಡರ್ ಮಾಡಿಸುವವರೇ, ಟರ್ಮಿನಲ್ ಹತ್ತಿರ ತಗಡು ಬೇಡ

ಡ್ರಿಲ್, ಗ್ರೈಂಡರ್‌ಗಳ ಬ್ಯಾಟರಿಯನ್ನು ಗೋಡೆಗೆ ಸಿಕ್ಕಿಸಿಡಲು ತಗಡಿನ ಹೋಲ್ಡರ್ ಮಾಡುವವರಿಗೆ, ಮಾಡಿಸುವವರಿಗೆ ಒಂದೇ ಮಾತು. ಬ್ಯಾಟರಿಯ ಟರ್ಮಿನಲ್ (ಕರೆಂಟ್ ಹೊರಗೆ ಬರುವ ಲೋಹದ ಭಾಗ) ಇರುವ ಕಡೆ ತಗಡು ಇರಲೇಬಾರದು. ಬಣ್ಣ ಬಳಿದಿದ್ದರೂ ಬೇಡ, ಕೋಟಿಂಗ್ ಇದ್ದರೂ ಬೇಡ. ಅಂಥ ಒಂದು ಹೋಲ್ಡರ್‌ನಲ್ಲಿ ನನ್ನ 18 ವೋಲ್ಟ್ ಪ್ಯಾಕ್ ಶಾರ್ಟ್ ಆಯಿತು. ಬೆಂಕಿ ಬೀಳುವುದು ಕೂದಲೆಳೆ ಅಂತರದಲ್ಲಿ ತಪ್ಪಿತು.

ಹೋಲ್ಡರ್ ನೋಡೋಕೆ ಚೆನ್ನಾಗಿಯೇ ಇತ್ತು. ಲೇಸರ್‌ನಲ್ಲಿ ಕತ್ತರಿಸಿದ 1.6 ಮಿ.ಮೀ. ಉಕ್ಕಿನ ತಗಡು, ನೀಟಾದ ಬೆಂಡ್, ಮೇಲೆ ಕಪ್ಪು ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಕರಗಿಸಿ ಕೂರಿಸಿದ ಪದರ. ಎರಡು ಬದಿಯ ಮಡಿಕೆಗಳು ಪ್ಯಾಕ್‌ನ ಗ್ರೂವ್‌ಗಳಲ್ಲಿ ಕೂರುತ್ತಿದ್ದವು. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪ್ಯಾಕ್ ಅಲುಗಾಡಬಾರದು ಅಂತ ಮಾಡಿದವರು ಅದೇ ತಗಡಿನಲ್ಲಿ ಎರಡು ಸಣ್ಣ ಹಲ್ಲುಗಳನ್ನು ಬಗ್ಗಿಸಿದ್ದರು. ಅವು ಹೋಗಿ ಕೂರುತ್ತಿದ್ದುದು ಪ್ಲಸ್ ಮತ್ತು ಮೈನಸ್ ಟರ್ಮಿನಲ್‌ಗಳ ಸೀಳಿನೊಳಗೆ! ಇದೇನು ಹೀಗೆ ಅಂತ ಕೇಳಿದಾಗ ಬಂದ ಉತ್ತರ: "ಕೋಟಿಂಗ್ ಇದೆಯಲ್ಲ ಸರ್, ಕರೆಂಟ್ ಹಾಯೋದಿಲ್ಲ."

ಮೊದಮೊದಲು ನಿಜಕ್ಕೂ ಹಾಯಲಿಲ್ಲ. ಇದರಲ್ಲಿ ಮೋಸ ಇರುವುದೇ ಅಲ್ಲಿ. ಮೊದಲ ದಿನವೇ ಕಿಡಿ ಹಾರಿದ್ದರೆ ಆವತ್ತೇ ಕಿತ್ತು ಬಿಸಾಡಬಹುದಿತ್ತು. ಪ್ಯಾಕ್ ಹಾಕಿದಾಗ, ತೆಗೆದಾಗ ಟರ್ಮಿನಲ್‌ನ ಸ್ಪ್ರಿಂಗ್ ಕ್ಲಿಪ್ಪುಗಳು ಆ ಹಲ್ಲುಗಳನ್ನು ಎರಡೂ ಕಡೆಯಿಂದ ಉಜ್ಜುತ್ತವೆ. ಅವುಗಳ ಕೆಲಸವೇ ಗಟ್ಟಿಯಾಗಿ ಕಚ್ಚುವುದು ಅಲ್ವಾ? ಕೋಟಿಂಗ್ ದಪ್ಪ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಒಳಗೇ. ಚೂಪಾದ ಅಂಚಿನಲ್ಲಿ ಅದು ಇನ್ನೂ ತೆಳ್ಳಗಾಗುತ್ತದೆ. ಯಾಕಂದರೆ ಓವನ್‌ನಲ್ಲಿ ಪೌಡರ್ ಕರಗುವಾಗ ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ. ಆಕ್ಸಿಜನ್ ಬಳಸಿ ಲೇಸರ್‌ನಲ್ಲಿ ಕತ್ತರಿಸಿದ ಉಕ್ಕಿನ ಅಂಚಿನ ಮೇಲೆ ಆಕ್ಸೈಡ್ ಪದರ ಬೇರೆ ಕೂತಿರುತ್ತದೆ. ಅದನ್ನು ಉಜ್ಜಿ ತೆಗೆಯದೆ ಕೋಟಿಂಗ್ ಮಾಡಿದರೆ ಪದರದ ಸಮೇತ ಚಕ್ಕೆಯಾಗಿ ಎದ್ದು ಬರುತ್ತದೆ. ನನ್ನ ಹೋಲ್ಡರ್‌ನ ಹಲ್ಲುಗಳಲ್ಲಿ ಆದದ್ದು ಇದೇ. ಆಮೇಲೆ ಟಾರ್ಚ್ ಹಿಡಿದು ನೋಡಿದಾಗ ಎರಡು ಹಲ್ಲುಗಳ ಬದಿಯಲ್ಲೂ ಬರಿ ಉಕ್ಕು ಫಳಫಳ ಹೊಳೆಯುತ್ತಿತ್ತು.

ಶಾರ್ಟ್ ಆಗಿದ್ದು ಚಾರ್ಜರ್‌ನಿಂದ ಆಗಷ್ಟೇ ತೆಗೆದ ಪ್ಯಾಕ್ ಸಿಕ್ಕಿಸುವಾಗ. ಪಟ್ ಅಂತ ಶಬ್ದ, ಕಣ್ಣು ಕುಕ್ಕುವ ಕಿಡಿ, ಸುಟ್ಟ ಪ್ಲಾಸ್ಟಿಕ್ ವಾಸನೆ. ಕೈಯಲ್ಲಿದ್ದ ಪ್ಯಾಕ್ ಹಿಂದಕ್ಕೆ ಎಳೆದರೆ ಬರಲಿಲ್ಲ. ಒಂದು ಹಲ್ಲು ಕ್ಲಿಪ್ಪಿಗೆ ವೆಲ್ಡ್ ಆಗಿ ಕೂತಿತ್ತು. ಜೋರಾಗಿ ಜಗ್ಗಿದ ಮೇಲೆ ಕಳಚಿತು. ಇನ್ನೊಂದು ಹಲ್ಲಿನ ತುದಿ ಕರಗಿ ಸಣ್ಣ ಗುಂಡಾಗಿತ್ತು. ಕೆಳಗಿನ ಪ್ಲೈವುಡ್ ಮೇಲೆ ಕರಗಿದ ಲೋಹ ಬಿದ್ದು ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಮೂಡಿದ್ದವು. ಅಲ್ಲಿ ಮರದ ಹೊಟ್ಟೋ ಎಣ್ಣೆ ಬಟ್ಟೆಯೋ ಇದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

18 ವೋಲ್ಟ್ ತಾನೇ, ಮುಟ್ಟಿದರೂ ಶಾಕ್ ಹೊಡೆಯಲ್ಲ ಅಂತ ಹಗುರವಾಗಿ ತೆಗೆದುಕೊಳ್ಳುವವರು ಬಹಳ. ಶಾಕ್ ಬೇರೆ, ಶಾರ್ಟ್ ಬೇರೆ. ಈ ಪ್ಯಾಕ್‌ನಲ್ಲಿ 3.6 ವೋಲ್ಟ್‌ನ ಐದು ಸೆಲ್‌ಗಳು ಸಾಲಾಗಿ ಇರುತ್ತವೆ. ಪೂರ್ತಿ ಚಾರ್ಜ್ ಆದಾಗ ಒಟ್ಟು 21 ವೋಲ್ಟ್. ಒಳಗಿನ ರೆಸಿಸ್ಟೆನ್ಸ್ ತುಂಬಾ ಕಡಿಮೆ ಇರುವುದರಿಂದ ನೇರವಾಗಿ ಶಾರ್ಟ್ ಆದರೆ ಕರೆಂಟ್ ನೂರು ಆಂಪಿಯರ್ ದಾಟುವುದು ಸುಲಭ. 2.5 ಮಿ.ಮೀ. ವೆಲ್ಡಿಂಗ್ ರಾಡ್ ಉರಿಸಲು 70ರಿಂದ 90 ಆಂಪಿಯರ್ ಸಾಕು, ಯೋಚಿಸಿ. ಪ್ಯಾಕ್ ತಾನೇ ಕಟ್ ಆಫ್ ಮಾಡಿಕೊಳ್ಳುತ್ತದೆ ಅಂತಲೂ ನಂಬಬೇಡಿ. ಎಲ್ಲ ಪ್ಯಾಕ್‌ಗಳಲ್ಲೂ ಆ ಏರ್ಪಾಡು ಇರುವುದಿಲ್ಲ. ಎಷ್ಟೋ ಕಡೆ ಅದು ಟೂಲ್‌ನ ಒಳಗಿರುತ್ತದೆ.

ಹಾಗಂತ ತಗಡೇ ಬೇಡ ಅಂತ ನಾನು ಹೇಳುತ್ತಿಲ್ಲ. ತಗಡಿನ ಹೋಲ್ಡರ್ ಗಟ್ಟಿ, ಜಾಗ ಉಳಿಸುತ್ತದೆ, ಧೂಳು ಒರೆಸೋದು ಸುಲಭ. ಭಾರ ಹೊರಲು ಬದಿಯ ಗ್ರೂವ್‌ಗಳೇ ಸಾಕು. ಟರ್ಮಿನಲ್ ಸೀಳುಗಳು ಬರುವ ಜಾಗದಲ್ಲಿ ತಗಡನ್ನು ಪೂರ್ತಿ ಕತ್ತರಿಸಿ ಕಿಟಕಿಯಂತೆ ಬಿಡಿಸಿ. ಕೋಟಿಂಗ್ ಎಲ್ಲ ಉದುರಿ ಬರಿ ಉಕ್ಕು ಉಳಿದರೂ, ಪ್ಯಾಕ್ ಓರೆಯಾಗಿ ಒಳಗೆ ಹೋದರೂ ಲೋಹ ಟರ್ಮಿನಲ್‌ಗೆ ತಾಗುವಂತಿರಬಾರದು. ತಡೆ ಬೇಕಿದ್ದರೆ ಅದು ಪ್ಯಾಕ್‌ನ ಪ್ಲಾಸ್ಟಿಕ್ ಮೈಗೆ ತಾಗಲಿ. ಅಲುಗಾಟ ನಿಲ್ಲಿಸಲು ನೈಲಾನ್ ಪಟ್ಟಿ ಅಂಟಿಸಿದರೆ ಆಯಿತು. ಪ್ಯಾಕ್‌ನ ಲಾಕ್ ಕೂರಲು ಒಂದು ತೂತು ಇರಲಿ, ಇಲ್ಲದಿದ್ದರೆ ಪಕ್ಕದಲ್ಲಿ ಗ್ರೈಂಡರ್ ಓಡಿದರೂ ನಡುಕಕ್ಕೆ ಜಾರಿ ಬೀಳುತ್ತದೆ. ಅಳತೆ ನೋಡಲು ಚಾರ್ಜ್ ಇರುವ ಪ್ಯಾಕ್ ಹಾಕಬೇಡಿ. ಹಳೇ ಪ್ಯಾಕ್‌ನ ಖಾಲಿ ಕವಚ ಸಿಕ್ಕರೆ ಅದರಲ್ಲಿ ನೋಡಿ. ಅಂಚುಗಳಿಗೆ ಅರ ಹಾಕಿ ಬರ್ (ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂಪು ಮುಳ್ಳುಗಳು) ತೆಗೆದು, ಚೂರುಗಳನ್ನು ಒರೆಸಿದ ಮೇಲೆಯೇ ಗೋಡೆಗೆ ಹಾಕಿ. ಬೆಂಡ್‌ನ ಮೂಲೆಯಲ್ಲಿ ಉಳಿದ ಒಂದು ಲೋಹದ ಚೂರು ಸೀಳಿನೊಳಗೆ ಬಿದ್ದರೂ ಸಾಕು.

ಮಾಡಿಕೊಟ್ಟವರಿಗೆ ಫೋಟೊ ತೋರಿಸಿ ವಿಷಯ ಹೇಳಿದೆ. ಬೇರೆ ಯಾರೂ ದೂರು ಕೊಟ್ಟಿಲ್ಲ ಅಂದರು. ಅದೇ ಹಲ್ಲಿನ ಡಿಸೈನ್ ಇನ್ನೂ ಮಾರುತ್ತಿದ್ದಾರೆ. ನನಗೆ ಹೆಚ್ಚು ಸಿಟ್ಟು ಬಂದಿದ್ದು ಅದಕ್ಕೇ.

ನಿಮ್ಮ ಗೋಡೆಯ ಮೇಲೆ ಇಂಥದ್ದು ಇದ್ದರೆ ಪ್ಯಾಕ್‌ಗಳನ್ನು ಇವತ್ತೇ ಕೆಳಗಿಳಿಸಿ. ಕಿಡಿ ಹಾರಿದ ಪ್ಯಾಕ್ ಇದ್ದರೆ ಅದನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ. ನನ್ನದರ ಬಟನ್ ಒತ್ತಿದರೆ ಆಮೇಲೂ ಎಲ್ಲ ಲೈಟ್‌ಗಳು ಉರಿಯುತ್ತಿದ್ದವು. ಆ ಲೈಟ್ ಎಷ್ಟು ಚಾರ್ಜ್ ಇದೆ ಅಂತ ತೋರಿಸುತ್ತದೆ, ಸೆಲ್ ಒಳಗೆ ಏನು ಕೆಟ್ಟಿದೆ ಅಂತ ಅಲ್ಲ. ಹೊಗೆ ಅಥವಾ ಬುಸ್ ಅನ್ನುವ ಶಬ್ದ ಬಂದರೆ ಪ್ಯಾಕ್ ಮುಟ್ಟಲು ಹೋಗದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಅಂಥದ್ದೇನೂ ಇಲ್ಲದಿದ್ದರೆ ಪ್ಯಾಕ್ ಅನ್ನು ಮನೆಯಿಂದ ಹೊರಗೆ, ಕಾಂಕ್ರೀಟ್ ನೆಲದ ಮೇಲೆ, ಉರಿಯುವ ವಸ್ತುಗಳಿಂದ ದೂರ ಇಡಿ. ತಣ್ಣಗಾದ ಮೇಲೆ ಟರ್ಮಿನಲ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಶಾರ್ಟ್ ಆಗಿತ್ತು ಅಂತ ಬಾಯಿಬಿಟ್ಟು ಹೇಳಿಯೇ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮನೆಯ ಕಸದ ಜೊತೆ ಹಾಕಬೇಡಿ.