ನಂದಿ ತಪ್ಪಲಿನ ಬಿಯರ್ ಮೇಳ: ಲೀಟರ್ ಮಗ್ ಫೋಟೋಗೆ, ಅರ್ಧ ಲೀಟರ್ ಕುಡಿಯೋಕೆ

ಚಿಕ್ಕಬಳ್ಳಾಪುರದ ಕಡೆ, ನಂದಿ ತಪ್ಪಲಿನ ರೆಸಾರ್ಟೊಂದರಲ್ಲಿ ನಡೆದ ಜರ್ಮನ್ ಶೈಲಿಯ ಬಿಯರ್ ಮೇಳದಲ್ಲಿ ಅಳತೆ ಮೂರು: 330 ಮಿ.ಲೀ. ಪ್ಲಾಸ್ಟಿಕ್ ಲೋಟ, ಅರ್ಧ ಲೀಟರಿನ ಗಾಜಿನ ಮಗ್, ಒಂದು ಲೀಟರಿನ ದೊಡ್ಡ ಮಗ್. ಬಿಯರ್ ಚೆನ್ನಾಗಿಯೇ ಇತ್ತು. ತಕರಾರು ಅಳತೆಯದ್ದು. ಯಾವ ಮಗ್ ಮೇಲೂ ಅಳತೆಯ ಗೆರೆ ಇರಲಿಲ್ಲ.

ಜರ್ಮನಿಯ ಮ್ಯೂನಿಕ್‌ನ ಹೆಸರಾಂತ ಬಿಯರ್ ಮೇಳ ಅಕ್ಟೋಬರ್‌ಫೆಸ್ಟ್‌ನಲ್ಲಿ ಬಿಯರ್ ಕೊಡುವುದು 1 ಲೀಟರಿನ 'ಮಾಸ್' ಲೆಕ್ಕದಲ್ಲಿ. (ಮ್ಯೂನಿಕ್ ಇರುವ ಬವೇರಿಯಾದ ಹಳೇ ಮಾಸ್ 1.069 ಲೀಟರ್ ಇತ್ತು. ಮೆಟ್ರಿಕ್ ಅಳತೆ ಬಂದಾಗ 69 ಮಿ.ಲೀ. ಖೋತಾ.) ಅಲ್ಲಿ ಮಗ್‌ನ ಅಂಚಿಗಿಂತ ಕೆಳಗೆ ಅಳತೆಯ ಗೆರೆ ಕಡ್ಡಾಯ: ಬಿಯರ್ ಗೆರೆಯವರೆಗೆ, ನೊರೆ ಅದರ ಮೇಲೆ. ಅಷ್ಟಿದ್ದೂ ಕಮ್ಮಿ ಸುರಿಯುತ್ತಾರೆಂಬ ಗೊಣಗಾಟ ತಪ್ಪಿಲ್ಲ, ಅದರ ವಿರುದ್ಧ ಹೋರಾಡೋಕೆಂದೇ ಅಲ್ಲೊಂದು ಸಂಘವಿದೆ. ಹಾಗಂತ ಜರ್ಮನಿ ಪೂರ್ತಿ ಲೀಟರ್ ಮಗ್ ಹಿಡಿದು ಕೂತಿಲ್ಲ. ಕಲೋನ್‌ನಲ್ಲಿ ಕೋಲ್ಶ್ ಬಿಯರ್ ಬರುವುದು 200 ಮಿ.ಲೀ. ಸಣ್ಣ ಗ್ಲಾಸಿನಲ್ಲಿ.

ಗೆರೆ ಇಲ್ಲದಿದ್ದರೆ ನಷ್ಟ ಎಷ್ಟು? ಒಳ ಅಗಲ 10 ಸೆಂ.ಮೀ. ಇರುವ ಮಗ್‌ನಲ್ಲಿ ಒಂದು ಸೆಂ.ಮೀ. ಎತ್ತರವೆಂದರೆ ಸುಮಾರು 78 ಮಿ.ಲೀ. ಅಂಚಿಗೆ ಸರಿಯಾಗಿ ಒಂದು ಲೀಟರ್ ಹಿಡಿಯುವ ಮಗ್‌ನಲ್ಲಿ 3 ಸೆಂ.ಮೀ. ನೊರೆ ನಿಂತರೆ 235 ಮಿ.ಲೀ. ಜಾಗ ನೊರೆಯ ಪಾಲು. ಅದು ಇಳಿದ ಮೇಲೆ ಬಿಯರ್ ಆಗುವುದು ಸ್ವಲ್ಪವೇ. ನೊರೆ ಬೇಡವೆಂದಲ್ಲ. ಎರಡು ಬೆರಳು ನೊರೆ ಇರಬೇಕು, ಪರಿಮಳ ಅದರಲ್ಲೇ ಇರುವುದು. ಆದರೆ ಅದಕ್ಕೆ ಜಾಗ ಗೆರೆಯ ಮೇಲಿರಬೇಕು. ಪರೀಕ್ಷೆ ಸುಲಭ: 500 ಮಿ.ಲೀ. ನೀರಿನ ಬಾಟಲಿ ಕೊಂಡು ಅರ್ಧ ಲೀಟರಿನ ಖಾಲಿ ಮಗ್‌ಗೆ ಪೂರ್ತಿ ಸುರಿಯಿರಿ. ನೀರು ಅಂಚಿಗೆ ಬಂತೋ, ಆ ಮಗ್‌ನಲ್ಲಿ ನಿಮಗೆ ನೊರೆ ಬಿಟ್ಟು ಸಿಗುವುದು 400ರ ಆಸುಪಾಸು. ಈ ಮೇಳದ ಮಗ್ ಅಂಥದ್ದೇ.

ಸಂಜೆಯ ಮೊದಲ ಸುತ್ತಿನಲ್ಲಿ ಅರ್ಧ ಮಗ್ ನೊರೆಯೇ ಬಂತು. ಬೆಂಗಳೂರಿನಿಂದ ಟೆಂಪೋದಲ್ಲಿ ಕುಲುಕಿಕೊಂಡು ಬಂದ ಕೆಗ್‌ (ಬಿಯರ್ ಪೀಪಾಯಿ) ಅನ್ನು ತಣ್ಣಗೆ ಒಂದು ದಿನ ನಿಲ್ಲಿಸದೆ ನಲ್ಲಿ ಹಾಕಿದರೆ ಹೀಗೇ. ಬಿಸಿಯಾದಷ್ಟೂ ಕಾರ್ಬನ್ ಡೈಆಕ್ಸೈಡ್ ಬಿಯರ್‌ನಲ್ಲಿ ಕರಗಿ ನಿಲ್ಲದು. 3–4 ಡಿಗ್ರಿಗೆ ಇಳಿದಿದ್ದರೆ, ಕೊಳವೆ ಶುಚಿಯಾಗಿದ್ದರೆ, ಮಗ್ 45 ಡಿಗ್ರಿ ಓರೆ ಹಿಡಿದು ಕೊನೆಯಲ್ಲಷ್ಟೇ ನೆಟ್ಟಗೆ ಮಾಡಿದರೆ ನೊರೆ ಹತೋಟಿಯಲ್ಲಿರುತ್ತದೆ. ತದ್ವಿರುದ್ಧದ ತೊಂದರೆಯೂ ಉಂಟು: ಕಬಾಬ್ ತಿಂದ ಎಣ್ಣೆ ತುಟಿ ತಾಗಿದರೆ, ಮಗ್‌ನಲ್ಲಿ ಸೋಪಿನ ಜಿಡ್ಡು ಉಳಿದಿದ್ದರೆ, ನೊರೆ ಕ್ಷಣದಲ್ಲಿ ಮಾಯ. ಅದಕ್ಕೆ ಕೌಂಟರಿನವರನ್ನು ಬೈದು ಪ್ರಯೋಜನವಿಲ್ಲ.

ಲೀಟರ್ ಮಗ್ ಏಕೆ ಬೇಡ? ಗಾಜೇ ಒಂದು ಕಿಲೋಗೂ ಮೇಲೆ, ಬಿಯರ್ ಸೇರಿದರೆ ಎರಡು ದಾಟುತ್ತದೆ. ನಿಧಾನವಾಗಿ ಕುಡಿಯುವವರಿಗೆ ಕೊನೆಯ ಕಾಲು ಭಾಗ ಬೆಚ್ಚಗಾಗಿ, ಗ್ಯಾಸ್ ಹೋಗಿ ಚಪ್ಪೆ. ಮದ್ಯದ ಲೆಕ್ಕವನ್ನೂ ಹಾಕಿ: ಶೇ. 6ರ ಒಂದು ಲೀಟರಿನಲ್ಲಿ 60 ಮಿ.ಲೀ. ಆಲ್ಕೋಹಾಲ್, ಶೇ. 8ರ ನಮ್ಮ 650ರ ಸ್ಟ್ರಾಂಗ್ ಬಾಟಲಿಯಲ್ಲಿ 52. ರಕ್ತದ 100 ಮಿ.ಲೀ.ಗೆ ಆಲ್ಕೋಹಾಲ್ 30 ಮಿ.ಗ್ರಾಂ. ಮೀರಿದರೆ ಗಾಡಿ ಓಡಿಸುವುದು ಅಪರಾಧ. ಹೆಚ್ಚಿನವರಿಗೆ ಅರ್ಧ ಲೀಟರೇ ಆ ಮಿತಿ ದಾಟಿಸಲು ಸಾಕು. ಹೆದ್ದಾರಿ ಹಿಡಿದು ಬೆಂಗಳೂರಿಗೆ ವಾಪಸಾಗುವವರು ಡ್ರೈವರ್ ಗೊತ್ತು ಮಾಡಿಕೊಂಡೇ ಬನ್ನಿ.

330ರ ಪ್ಲಾಸ್ಟಿಕ್ ಲೋಟ ನೋಡೋಕೆ ಬಡವಾದರೂ ಹೊಸ ಬಗೆಯ ರುಚಿ ನೋಡಲು ಅದೇ ಲೇಸು. ಇಷ್ಟವಾದರೆ ಅರ್ಧ ಲೀಟರ್ ತಗೊಳ್ಳಿ. ನೊರೆ ಜಾಸ್ತಿಯಾದರೆ ಕೌಂಟರ್ ಬಿಟ್ಟು ಕದಲಬೇಡಿ: ಎರಡು ನಿಮಿಷ ನಿಂತು, ನೊರೆ ಇಳಿದ ಮೇಲೆ 'ಇನ್ನೊಂಚೂರು ಹಾಕಿ ಅಣ್ಣ' ಅಂದರೆ ಇಲ್ಲಿನ ಹುಡುಗರು ಚಕಾರ ಎತ್ತದೆ ತುಂಬಿಸುತ್ತಾರೆ. ಒಂದು ಗುಟುಕು ಕುಡಿದು ಕೇಳಿದರೆ ಮಾತ್ರ ಹೊಸ ಕೂಪನ್ ಕೇಳುತ್ತಾರೆ.