ಆರ್‌ಟಿಎಕ್ಸ್ 3090: ಹಳೇ ಕಾರ್ಡ್, ಆದ್ರೂ ತಗೊಳ್ಳಬಹುದು

ಮನೆಯಲ್ಲೇ ಎಐ ಕೆಲಸ ಮಾಡೋರು ಮೊದಲು ನೋಡಬೇಕಾದ್ದು ಗ್ರಾಫಿಕ್ಸ್ ಕಾರ್ಡಿನ (ಕಂಪ್ಯೂಟರಿನಲ್ಲಿ ಎಐ ಲೆಕ್ಕ ಮಾಡೋ ಭಾಗ) ಮೆಮೊರಿ. ವೇಗ ಆಮೇಲೆ. ಎಐ ಮಾಡೆಲ್ ಪೂರ್ತಿ ಮೆಮೊರಿಯಲ್ಲಿ ಕೂರದಿದ್ದರೆ ಎಂಥಾ ಹೊಸ ಕಾರ್ಡೂ ತೆವಳುತ್ತದೆ. ಅದಕ್ಕೇ ನಾನು 16 ಜಿಬಿಯ ಹೊಸ ಕಾರ್ಡ್ ಬಿಟ್ಟು, 2020ರಲ್ಲಿ ಬಂದ ಎನ್ವಿಡಿಯಾ 3090 ತಗೊಂಡೆ, ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. 24 ಜಿಬಿ ಇದೆ. 32 ಬಿಲಿಯನ್ ಪ್ಯಾರಾಮೀಟರಿನ (ಮಾಡೆಲ್ ಒಳಗೆ ಕಲಿತಿಟ್ಟ ಸಂಖ್ಯೆಗಳು) ಮಾಡೆಲನ್ನು 4 ಬಿಟ್‌ಗೆ ಇಳಿಸಿದರೆ, ಅಂದರೆ ಒಂದೊಂದು ಸಂಖ್ಯೆಯನ್ನೂ ಚಿಕ್ಕದು ಮಾಡಿಟ್ಟರೆ, ಸುಮಾರು 20 ಜಿಬಿ ಆಗುತ್ತದೆ, ಇದರಲ್ಲಿ ಕೂರುತ್ತದೆ. 70 ಬಿಲಿಯನ್ನಿನದು ಕೂರುವುದಿಲ್ಲ, ಆಸೆ ಬಿಡಿ. ಕಾಫಿ ಎಲೆಯ ಫೋಟೋ ನೋಡಿ ತುಕ್ಕು ರೋಗ ಗುರುತಿಸೋ ಮಾಡೆಲ್ ಅಷ್ಟೇ ಬೇಕಾದರೆ 12 ಜಿಬಿಯೇ ಜಾಸ್ತಿ, ಸುಮ್ನೆ ದುಡ್ಡು ಸುರಿಯಬೇಡಿ.

ಹಳೇ 3090ಯಲ್ಲಿ ನಿಜವಾದ ಭಯ ಬಿಸಿಯದು. ಇದರ 24 ಮೆಮೊರಿ ಚಿಪ್‌ಗಳಲ್ಲಿ 12 ಹಿಂಬದಿಯಲ್ಲಿವೆ, ಅಲ್ಲಿಗೆ ಫ್ಯಾನ್ ಗಾಳಿ ಸರಿಯಾಗಿ ಹೋಗುವುದಿಲ್ಲ. ಕ್ರಿಪ್ಟೋ ಮೈನಿಂಗ್‌ಗೆ ಹಗಲೂ ರಾತ್ರಿ ದುಡಿದ ಕಾರ್ಡಾಗಿದ್ದರಂತೂ ಥರ್ಮಲ್ ಪ್ಯಾಡ್ (ಚಿಪ್ಪಿನ ಬಿಸಿ ಹೊರಗೆ ಸಾಗಿಸೋ ಮೆತ್ತನೆ ಪಟ್ಟಿ) ಒಣಗಿ ಹೋಗಿರಬಹುದು. ಅಂಗಡಿಯಲ್ಲೇ ಅರ್ಧ ಗಂಟೆ ಲೋಡ್ ಹಾಕಿ, ಮೆಮೊರಿ ಜಂಕ್ಷನ್ ಬಿಸಿ, ಅಂದರೆ ಮೆಮೊರಿ ಚಿಪ್ ಒಳಗಿನ ಬಿಸಿ, ನೋಡಿ. 110 ಡಿಗ್ರಿ ಮುಟ್ಟಿದರೆ ಕಾರ್ಡ್ ತಾನೇ ನಿಧಾನ ಆಗುತ್ತದೆ, ಅಂಥದ್ದು ಬೇಡ. ಒಂದು ಅಂಗಡಿಯವರು "ಡಿಸ್‌ಪ್ಲೇ ಬರ್ತಿದೆ ಅಲ್ವಾ ಸರ್, ಇನ್ನೇನು ಬೇಕು" ಅಂದರು. ಎದ್ದು ಬಂದೆ. ಪಕ್ಕದವರು ಪಾಪ, ಟೀ ಕೊಟ್ಟು ಟೆಸ್ಟ್ ಮಾಡಲು ಬಿಟ್ಟರು.

ಕೊಡಗಿನ ನಮ್ಮ ಗೋಣಿಕೊಪ್ಪ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಮರ ಬಿದ್ದರೆ ಹೋಯಿತು, ಬಂದಾಗ ವೋಲ್ಟೇಜ್ ಕುಣಿಯುತ್ತದೆ. ಎನ್ವಿಡಿಯಾದ್ದೇ ಹೊಸ ಕಾರ್ಡ್ 5090 ಬೇಡ ಅಂದಿದ್ದು ಬೆಲೆಗೆ ಮಾತ್ರ ಅಲ್ಲ. ಅದಕ್ಕೆ 32 ಜಿಬಿ ಇದೆ ನಿಜ, ಆದರೆ 575 ವ್ಯಾಟ್ ಎಳೆಯುತ್ತದೆ. ಗೀಸರ್ ಮುಂದೆ ಇದೇನು ದೊಡ್ಡದಲ್ಲ, ಆದರೆ ಗೀಸರನ್ನು ಯಾರೂ ಯುಪಿಎಸ್ ಮೇಲೆ ಓಡಿಸುವುದಿಲ್ಲ. 3090 ಎಳೆಯೋದು 350. ನಾನು ಎನ್ವಿಡಿಯಾ ಎಸ್‌ಎಂಐ (nvidia-smi, ಕಾರ್ಡಿನ ಡ್ರೈವರ್ ಜೊತೆಗೇ ಬರುತ್ತದೆ) ಕಮಾಂಡಿನಿಂದ 280ಕ್ಕೆ ಇಳಿಸಿದ್ದೇನೆ, ಉತ್ತರ ಬರೋ ವೇಗದಲ್ಲಿ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಆದರೆ ಮಷೀನ್ ರೀಸ್ಟಾರ್ಟ್ ಆದರೆ ಮತ್ತೆ 350ಕ್ಕೇ ಹೋಗುತ್ತದೆ. ಇಲ್ಲಿ ರೀಸ್ಟಾರ್ಟ್‌ಗೇನು ಬರವೇ? ಆ ಕಮಾಂಡನ್ನು ಸ್ಟಾರ್ಟಪ್‌ನಲ್ಲೇ ಹಾಕಿಡಿ. ಸಿಡಿಲು ಶುರುವಾದರೆ ಪ್ಲಗ್ ಜೊತೆ ಇಂಟರ್ನೆಟ್ ಕೇಬಲನ್ನೂ ಕಿತ್ತುಬಿಡಿ.

ವಾರಂಟಿ ಮುಗಿದಿದೆ, ಅದೊಂದು ಕೊರತೆ. ಕೆಟ್ಟರೆ ಬೆಂಗಳೂರಿಗೇ ಹೊತ್ತುಕೊಂಡು ಹೋಗಬೇಕು, ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಅಷ್ಟು ತಲೆನೋವು ಬೇಡ ಅನ್ನೋರು ಹೊಸದನ್ನೇ ತಗೊಳ್ಳಿ, ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ.